ಬಿತ್ತಿದ್ದನ್ನು ಕೆದಕದಿರುವುದು: ಹಿತ್ತಿಲು, ಬಾಲ್ಯ ಮತ್ತು ಶ್ರದ್ಧೆ

(ತೋಟಗಾರಿಕೆಯಲ್ಲಿ ಆಸಕ್ತಿಯುಳ್ಳವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಪುನರುಕ್ತಿಗಳನ್ನು ಕಳೆದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ.)

ಆತ್ಮೀಯರೇ,

ನಾನು ಮೊಟ್ಟಮೊದಲು ಬಿತ್ತಿದ ಬೀಜ ಸತ್ತದ್ದು ನನ್ನ ಕೈಯಿಂದಲೇ. ಆಗ ನನಗೆ ಐದೋ ಆರೋ ವರ್ಷ. ಅಜ್ಜಿ ನನ್ನ ಅಂಗೈಯಲ್ಲಿ ನಾಲ್ಕು ಅವರೆ ಬೀಜಗಳನ್ನಿಟ್ಟು, ಹಿತ್ತಿಲಿನ ಪಾತಿಯಲ್ಲಿ ಬೆರಳಿನಿಂದ ಕುಳಿ ಮಾಡಿ ಊರುವುದನ್ನು ತೋರಿಸಿಕೊಟ್ಟಿದ್ದಳು. ಅವರೆ ಬೀಜವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ, ಅದರ ಒಂದು ಅಂಚಿಗೆ ಸ್ವಲ್ಪ ಉಬ್ಬಿದ ಬಿಳಿಯ ಗೆರೆಯೊಂದಿರುತ್ತದೆ. ಬೀಜವು ಕಾಯಿಯೊಳಗೆ ತಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಬೀಜದ ಹೊಕ್ಕುಳು ಎನ್ನಬಹುದು. ನನ್ನ ಕಣ್ಣಿಗೆ ಮಾತ್ರ ಅದು ಬಿಗಿಯಾಗಿ ಮುಚ್ಚಿದ ಬಾಯಿಯ ಹಾಗೆ ಕಂಡಿತ್ತು. ಬಾಯಿ ಮೇಲೆ ಬರುವಂತೆ ಇಡಬೇಕೋ, ಕೆಳಗೆ ಬರುವಂತೆ ಇಡಬೇಕೋ ಎಂದು ಕೇಳಿದೆ. "ಹೇಗಾದರೂ ಇಡು, ಅದಕ್ಕೆ ಗೊತ್ತಿದೆ" ಎಂದಳು ಅಜ್ಜಿ.

ಮರುದಿನ ಬೆಳಿಗ್ಗೆ ಎದ್ದವಳೇ ಹಿತ್ತಿಲಿಗೆ ಓಡಿ ಒಂದು ಕುಳಿಯನ್ನು ಕೆದಕಿ ನೋಡಿದೆ. ಸಿಪ್ಪೆ ಅಲ್ಲಲ್ಲಿ ಸುಕ್ಕುಗಟ್ಟಿದ್ದು ಬಿಟ್ಟರೆ ಬೀಜ ಹಾಗೆಯೇ ಇತ್ತು. ಮುಚ್ಚಿದೆ. ಎರಡನೆಯ ದಿನ ಅದೇ ಬೀಜ ಊದಿಕೊಂಡು ಮೆತ್ತಗಾಗಿತ್ತು. ಮೂರನೆಯ ದಿನ ಸಿಪ್ಪೆ ಬಿರಿದು, ಬಿಳಿಗೆರೆಯ ತುದಿಯ ಬಳಿಯಿಂದ ಸೂಜಿಮೊನೆಯಷ್ಟು ದಪ್ಪದ ಏನೋ ಒಂದು ಇಣುಕುತ್ತಿತ್ತು. ಬೀಜ ಕೊನೆಗೂ ಬಾಯಿ ತೆರೆಯಿತೆಂದು ಆ ದಿನ ನಾನು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ನಾಲ್ಕನೆಯ ದಿನ ಎತ್ತುವಾಗ ಆ ಮೊಳಕೆ ಮುರಿಯಿತು. ಶಬ್ದ ಕೇಳಿಸಿತೆನ್ನುವುದಕ್ಕಿಂತ ಬೆರಳಿಗೆ ತಾಗಿತು ಎನ್ನಬೇಕು. ಅಜ್ಜಿ ಬೈಯಲಿಲ್ಲ. "ಉಳಿದ ಮೂರನ್ನಾದರೂ ಶ್ರದ್ಧೆಯಿಂದ ನೋಡಿಕೋ" ಎಂದಷ್ಟೇ ಹೇಳಿ ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು.

ಅಜ್ಜಿ ನಿಜವಾಗಿ ಆ ಪದವನ್ನೇ ಬಳಸಿದಳೋ, ಆಮೇಲೆ ನಾನೇ ಅದನ್ನು ಅವಳ ಬಾಯಲ್ಲಿ ಇಟ್ಟೆನೋ, ಆಣೆಯಿಟ್ಟು ಹೇಳಲಾರೆ. ಮೂರು, ಮೂರೂವರೆ ವರ್ಷಕ್ಕೆ ಹಿಂದಿನದು ನಮ್ಮಲ್ಲಿ ಬಹುಪಾಲು ಜನರಿಗೆ ನೆನಪೇ ಇರುವುದಿಲ್ಲ. ಆಮೇಲಿನದು ನೆನಪಿದ್ದರೂ, ಪ್ರತಿ ಸಲ ನೆನೆಯುವಾಗ ಮನಸ್ಸು ಅದನ್ನು ಅಷ್ಟಿಷ್ಟು ಹೊಸದಾಗಿ ಕಟ್ಟುತ್ತದೆ ಎಂಬುದು ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಕಂಡುಕೊಂಡ ಸಂಗತಿ. ಆದ್ದರಿಂದ ಬಾಲ್ಯದ ಹಿತ್ತಿಲು ಎಂದು ನಾನು ಹೇಳುವಾಗ ಅದರಲ್ಲಿ ಈಗಿನ ನನ್ನ ಕೈಗೆಲಸವೂ ಸೇರಿದೆ ಎಂದು ನೀವು ಇಟ್ಟುಕೊಳ್ಳಬಹುದು. ಬೆರಳಿಗೆ ತಾಗಿದ ಆ ಮುರಿತವನ್ನು ಮಾತ್ರ ನಾನು ಕಟ್ಟಿದ್ದಲ್ಲ.

ಈಗ ಆ ಪದಕ್ಕೆ ಬರುತ್ತೇನೆ, ಏಕೆಂದರೆ ಇಂದಿನ ನನ್ನ ಮಾತೆಲ್ಲ ಅದನ್ನೇ ಸುತ್ತುತ್ತದೆ. ಶ್ರದ್ಧೆ ಎಂಬುದನ್ನು ಕನ್ನಡದಲ್ಲಿ ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಶ್ರದ್ಧಾಭಕ್ತಿ ಎಂದಾಗ ಅದು ನಂಬಿಕೆ. ಶ್ರದ್ಧೆಯಿಂದ ಓದು ಎಂದು ಮಗುವಿಗೆ ಹೇಳುವಾಗ ಪಾಠಪುಸ್ತಕವನ್ನು ನಂಬು ಎಂದು ಯಾರೂ ಹೇಳುತ್ತಿರುವುದಿಲ್ಲ. ಮನಸ್ಸಿಟ್ಟು, ಬೇಸರಿಸದೆ, ಬಿಡದೆ ಮಾಡು ಎಂದು ಹೇಳುತ್ತಿರುತ್ತಾರೆ. ಒಂದು ಕಾಣದ್ದರ ಮೇಲಿನ ಭರವಸೆ, ಇನ್ನೊಂದು ಕಣ್ಣೆದುರಿನದರ ಮೇಲಿನ ಗಮನ. ಇವೆರಡೂ ಒಂದೇ ಪದದಲ್ಲಿ ಏಕೆ ಬಂದು ಕುಳಿತಿವೆ ಎಂಬುದು ನನಗೆ ಬಹುಕಾಲ ಹೊಳೆದಿರಲಿಲ್ಲ. ಹೊಳೆದದ್ದು ಗ್ರಂಥಗಳ ನಡುವೆ ಅಲ್ಲ, ಬೀಜ ಊರುವಾಗ. ಮಣ್ಣನ್ನು ಹದ ಮಾಡುವುದು, ಬೀಜ ಆರಿಸುವುದು, ಎಷ್ಟು ಆಳಕ್ಕೆ ಎಂದು ಲೆಕ್ಕ ಹಾಕುವುದು, ನೀರು ಹೆಚ್ಚಾಗದಂತೆ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಇಷ್ಟೂ ಎರಡನೆಯ ಅರ್ಥದ ಶ್ರದ್ಧೆ. ಮಣ್ಣು ಮುಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡ ಆ ಗಳಿಗೆಯಿಂದ ಮೊದಲನೆಯ ಅರ್ಥದ ಶ್ರದ್ಧೆ ಶುರುವಾಗುತ್ತದೆ. ಗಮನದ ಕೆಲಸವನ್ನು ಮಾಡದವನಿಗೆ ಭರವಸೆಯನ್ನು ಕೇಳುವ ಹಕ್ಕಿಲ್ಲ, ಭರವಸೆ ಬಾರದವನು ನಾನು ಮಾಡಿದಂತೆ ಮೊಳಕೆ ಮುರಿಯುತ್ತಾನೆ.

ಬೀಜವನ್ನೂ ಶ್ರದ್ಧೆಯನ್ನೂ ಒಟ್ಟಿಗೆ ತಂದ ಹಳೆಯ ಪ್ರಸಂಗವೊಂದು ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿದೆ. ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ, ಎಲ್ಲವನ್ನೂ ಬಲ್ಲೆನೆಂಬ ಜಂಬದಿಂದ ಇಪ್ಪತ್ನಾಲ್ಕನೆಯ ವಯಸ್ಸಿಗೆ ಮನೆಗೆ ಮರಳಿದ ಶ್ವೇತಕೇತುವಿಗೆ ತಂದೆ ಉದ್ದಾಲಕ ಒಂದು ಆಲದ ಹಣ್ಣನ್ನು ತರಲು ಹೇಳುತ್ತಾನೆ. ಒಡೆ ಎನ್ನುತ್ತಾನೆ. ಏನು ಕಾಣುತ್ತದೆ ಎಂದು ಕೇಳುತ್ತಾನೆ. ಬಲು ಸಣ್ಣ ಬೀಜಗಳು ಎಂದು ಮಗನ ಉತ್ತರ. ಅವುಗಳಲ್ಲಿ ಒಂದನ್ನು ಒಡೆ, ಈಗೇನು ಕಾಣುತ್ತದೆ? ಏನೂ ಕಾಣುವುದಿಲ್ಲ. ಕಾಣದ ಆ ಸೂಕ್ಷ್ಮದಿಂದಲೇ ಈ ಮಹಾವೃಕ್ಷ ಹೀಗೆ ನಿಂತಿದೆ, "ಶ್ರದ್ಧತ್ಸ್ವ ಸೋಮ್ಯ", ಶ್ರದ್ಧೆಯಿಡು ಮಗು, ಎನ್ನುತ್ತಾನೆ ತಂದೆ.

ಈ ಪ್ರಸಂಗವನ್ನು ಉಪನ್ಯಾಸಗಳಲ್ಲಿ ಕೊನೆಯ ಮಾತಿಗಾಗಿ ಉದ್ಧರಿಸುವುದು ವಾಡಿಕೆ. ತೋಟದ ಕೆಲಸ ಮಾಡುವ ನನಗೆ ಮುಖ್ಯವೆನಿಸುವುದು ಅದರ ಕ್ರಮ. ನಂಬು ಎಂಬ ಮಾತು ಮೊದಲೇ ಬರುವುದಿಲ್ಲ. ತಾ, ಒಡೆ, ನೋಡು, ಮತ್ತೆ ಒಡೆ, ಮತ್ತೆ ನೋಡು. ಕಣ್ಣು ಹೋಗುವಷ್ಟು ದೂರ ಹೋದ ಮೇಲೆ ಮಾತ್ರ ಶ್ರದ್ಧೆಯ ಮಾತು. ಇನ್ನೊಂದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ ಸರಿ. ಆಲದ ಹಣ್ಣನ್ನು ಒಡೆದರೆ ಬೀಜಗಳ ಜೊತೆಗೆ ಎಷ್ಟೋ ಸಲ ಅತಿ ಸಣ್ಣ ಕಣಜಗಳೂ ಸಿಗುತ್ತವೆ. ಆಲದ ಹೂಗಳು ಹಣ್ಣಿನಂತೆ ಕಾಣುವ ಆ ಗೋಲಿಯ ಒಳಗೇ ಇರುತ್ತವೆ. ಅವುಗಳಿಗೆ ಪರಾಗಸ್ಪರ್ಶ ಮಾಡಲು ಅದಕ್ಕೇ ಮೀಸಲಾದ ಕಣಜಗಳು ಬೇಕು. ಬೀಜವೂ ಸಾಮಾನ್ಯವಾಗಿ ಬಿದ್ದಲ್ಲೇ ಮರವಾಗುವುದಿಲ್ಲ, ಹಕ್ಕಿಯ ಹೊಟ್ಟೆಯಿಂದ ಹಾದು ಯಾವುದೋ ಮರದ ಸಂದಿಯಲ್ಲೋ ಗೋಡೆಯ ಬಿರುಕಿನಲ್ಲೋ ಬೇರು ಬಿಡುತ್ತದೆ. ಉದ್ದಾಲಕ ಹೇಳಿದ ಆ ಕಾಣದ್ದರ ಬೆನ್ನಿಗೆ ಒಂದು ಕಣಜವೂ ಒಂದು ಹಕ್ಕಿಯೂ ಇವೆಯೆಂದು ತಿಳಿದ ಮೇಲೆ ನನಗೆ ಆ ಕಥೆ ಇನ್ನಷ್ಟು ಹತ್ತಿರವಾಯಿತು.

ಅಜ್ಜಿಯ "ಅದಕ್ಕೆ ಗೊತ್ತಿದೆ" ಎಂಬ ಮಾತಿಗೂ ಇಂಥದೊಂದು ಹಿನ್ನೆಲೆ ಆಮೇಲೆ ಸಿಕ್ಕಿತು. 1806ರಲ್ಲಿ ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಎಂಬ ತೋಟಗಾರಿಕಾ ತಜ್ಞರು ಹರಿಯುವ ನೀರಿನಿಂದ ತಿರುಗುವ ಚಕ್ರವೊಂದರ ಅಂಚಿಗೆ ಬೀನ್ಸ್ ಜಾತಿಯ ಬೀಜಗಳನ್ನು ಕಟ್ಟಿ ರಭಸದಿಂದ ತಿರುಗಲು ಬಿಟ್ಟರು. ಮೊಳೆತಾಗ ಬೇರುಗಳೆಲ್ಲ ಚಕ್ರದ ಹೊರಕ್ಕೆ, ಕುಡಿಗಳೆಲ್ಲ ಚಕ್ರದ ನಡುವಿಗೆ ಮುಖ ಮಾಡಿ ಬೆಳೆದಿದ್ದವು. ಸೆಳೆತ ಯಾವ ಕಡೆಗೋ ಆ ಕಡೆಗೆ ಬೇರು, ಅದರ ಎದುರಿಗೆ ಕುಡಿ ಎಂದು ಇದರಿಂದ ಸ್ಪಷ್ಟವಾಯಿತು. ಬೇರಿನ ತುದಿಯನ್ನು ಟೋಪಿಯಂತೆ ಮುಚ್ಚಿಕೊಂಡಿರುವ ಕೋಶಗಳಲ್ಲಿ ಭಾರವಾದ ಪಿಷ್ಟದ ಕಣಗಳಿವೆ, ಬೀಜ ಹೇಗೆ ಮಲಗಿದ್ದರೂ ಅವು ಕೋಶದ ತಳಕ್ಕೆ ಇಳಿಯುತ್ತವೆ, ಬೇರಿಗೆ ದಿಕ್ಕು ತಿಳಿಯುವುದು ಅದರಿಂದ ಎಂಬುದು ಆಮೇಲಿನ ಸಂಶೋಧನೆ. ಹೀಗೆ ಬೀಜಕ್ಕೆ ಗೊತ್ತಿರುವುದೆಂದರೆ ಪಿಷ್ಟದ ನಾಲ್ಕು ಹರಳು ಕೆಳಗೆ ಬೀಳುವುದು. ಇದನ್ನು ಓದಿದ ದಿನ ನಾನು ಒಂದಿಷ್ಟು ನಿರಾಶಳಾಗಬಹುದಿತ್ತು. ಬದಲಿಗೆ, ಬಾಯಿ ಮೇಲೋ ಕೆಳಗೋ ಎಂದು ಅಂದು ಕೇಳಿದ ನನ್ನ ಪ್ರಶ್ನೆ ಅಂಥ ದಡ್ಡ ಪ್ರಶ್ನೆಯೇನಾಗಿರಲಿಲ್ಲ, ಒಬ್ಬ ದೊಡ್ಡ ಮನುಷ್ಯರು ಅದಕ್ಕಾಗಿ ನೀರಿನ ಚಕ್ರವನ್ನೇ ಕಟ್ಟಿಸಿದ್ದರು ಎಂದು ಖುಷಿಯಾಯಿತು.

ಉಳಿದ ಮೂರು ಬೀಜಗಳು ಒಂದು ವಾರದೊಳಗೆ ಮೇಲೆ ಬಂದವು. ಮೊದಲು ನೆಲ ಕೂದಲೆಳೆಯಷ್ಟು ಬಿರಿಯಿತು. ಸಂಜೆಯ ಹೊತ್ತಿಗೆ ಬಿರುಕಿನ ಮೇಲಿನ ಮಣ್ಣಿನ ಹೆಪ್ಪು ಮುಚ್ಚಳದಂತೆ ಒಂದು ಬದಿಗೆ ಎದ್ದಿತ್ತು, ಅದರ ಕೆಳಗೆ ಬಾಗಿದ ಒಂದು ದಂಟು ಕಾಣುತ್ತಿತ್ತು. ಗಿಡ ತಲೆ ಎತ್ತಿಕೊಂಡು ಹೊರಬರುತ್ತದೆ ಎಂದು ನಾವು ಹೇಳುತ್ತೇವಲ್ಲ, ಅದು ಅವರೆಯ ಮಟ್ಟಿಗೆ ನಿಜವಲ್ಲ. ಅದು ಕತ್ತು ಬಗ್ಗಿಸಿ, ಬೆನ್ನಿನಿಂದ ಮಣ್ಣನ್ನು ಎತ್ತುತ್ತದೆ. ಎಳೆಯ ಕುಡಿ ಹಿಂದೆ, ಎರಡು ಬೇಳೆಗಳ ನಡುವೆ, ಉಜ್ಜಿಹೋಗದಂತೆ ಬರುತ್ತದೆ. ಬೆಳಕು ತಾಗಿದ ಮೇಲಷ್ಟೇ ಆ ಕೊಕ್ಕೆ ನೆಟ್ಟಗಾಗುತ್ತದೆ. ದಪ್ಪ ಬೇಳೆಗಳೆರಡೂ ಮೇಲಕ್ಕೆ ಬಂದು, ತಮ್ಮಲ್ಲಿದ್ದುದನ್ನೆಲ್ಲ ಗಿಡಕ್ಕೆ ಕೊಟ್ಟು, ಸುಕ್ಕಾಗಿ ಉದುರುತ್ತವೆ. ಪಾತಿಯ ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಇದನ್ನು ನೋಡಿದ ಯಾವ ಮಗುವಿಗೂ ಆಮೇಲೆ ವಿನಯದ ಬಗ್ಗೆ ಪಾಠ ಬೇಕಾಗುವುದಿಲ್ಲ ಎಂದು ಒಮ್ಮೆ ಬರೆದಿದ್ದೆ. ಈಗ ಅಷ್ಟು ಧೈರ್ಯವಾಗಿ ಹೇಳಲಾರೆ. ನಾನಂತೂ ಮಾರನೆಯ ದಿನವೇ ಆ ಬೇಳೆಗಳಲ್ಲಿ ಒಂದನ್ನು ಚಿವುಟಿದ್ದೆ.

ಕೆದಕಿ ನೋಡುವ ಚಪಲ ಮಕ್ಕಳದ್ದಷ್ಟೇ ಅಲ್ಲ, ಅದನ್ನು ಗೆದ್ದ ದೊಡ್ಡವರ ಎರಡು ಕಥೆಗಳನ್ನು ಹೇಳುತ್ತೇನೆ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 20 ಬಾಟಲಿಗಳಲ್ಲಿ ತೇವದ ಮರಳಿನೊಂದಿಗೆ 21 ಬಗೆಯ ಗಿಡಗಳ ತಲಾ 50 ಬೀಜಗಳನ್ನು ತುಂಬಿ, ನೀರು ನಿಲ್ಲದಂತೆ ಬಾಯಿ ಕೆಳಗೆ ಮಾಡಿ ನೆಲದಲ್ಲಿ ಹೂತರು. ಕಳೆಯ ಬೀಜಗಳು ಮಣ್ಣಿನಲ್ಲಿ ಎಷ್ಟು ಕಾಲ ಜೀವ ಹಿಡಿದಿರುತ್ತವೆ ಎಂದು ತಿಳಿಯುವುದು ಉದ್ದೇಶ; ಎಷ್ಟು ಸಲ ಕಿತ್ತರೂ ಕಳೆ ಬರುವುದೇಕೆ ಎಂದು ಕೇಳದ ತೋಟಗಾರ ಯಾರಿದ್ದಾನೆ? ಐದು ವರ್ಷಕ್ಕೊಂದು ಬಾಟಲಿ ತೆಗೆಯಬೇಕೆಂದು ಅವರ ಲೆಕ್ಕವಿತ್ತು. ಬೀಜಗಳು ಸಾಯಲೊಲ್ಲದ್ದನ್ನು ಕಂಡು ಆಮೇಲಿನವರು ಅದನ್ನು ಹತ್ತು ವರ್ಷಕ್ಕೊಂದು, ಅನಂತರ ಇಪ್ಪತ್ತು ವರ್ಷಕ್ಕೊಂದು ಎಂದು ಹಿಗ್ಗಿಸಿದರು. ಬೀಲ್ 1924ರಲ್ಲಿ ತೀರಿಕೊಂಡರು. ಹದಿನಾರನೆಯ ಬಾಟಲಿಯನ್ನು 2021ರಲ್ಲಿ, ಉಳಿದ ಬೀಜಗಳಿಗೆ ಬೆಳಕು ತಾಗದಿರಲೆಂದು ನಸುಕಿನ ಕತ್ತಲಲ್ಲಿ ಅಗೆದು ತೆಗೆದರು. 142 ವರ್ಷ ಮಣ್ಣಿನಲ್ಲಿದ್ದ ವರ್ಬ್ಯಾಸ್ಕಮ್ ಎಂಬ ಕಳೆಯ ಬೀಜಗಳು ಮೊಳೆತವು. ಇನ್ನು ನಾಲ್ಕು ಬಾಟಲಿಗಳು ನೆಲದಲ್ಲಿವೆ. ಕೊನೆಯದನ್ನು 2100ರಲ್ಲಿ ತೆಗೆಯಬೇಕು. ಅದನ್ನು ತೆಗೆಯುವವರಲ್ಲಿ ಹೆಚ್ಚಿನವರು ಇನ್ನೂ ಹುಟ್ಟಿರಲಾರರು.

ಎರಡನೆಯದು ಚಾರ್ಲ್ಸ್ ಡಾರ್ವಿನ್ನರದು. ಅವರು 1842ರಲ್ಲಿ ತಮ್ಮ ಮನೆಯ ಬಳಿಯ ಹೊಲವೊಂದರಲ್ಲಿ ಸೀಮೆಸುಣ್ಣದ ಚೂರುಗಳನ್ನು ಹರಡಿಸಿ ಸುಮ್ಮನಾದರು. ಸರಿಯಾಗಿ 29 ವರ್ಷದ ಮೇಲೆ, 1871ರಲ್ಲಿ, ಅಲ್ಲಿ ಕಾಲುವೆಯಂತೆ ಅಗೆಸಿ ನೋಡಿದಾಗ ಆ ಬಿಳಿಯ ಚೂರುಗಳು ಮೇಲ್ಮೈಯಿಂದ ಏಳು ಅಂಗುಲ ಕೆಳಗೆ ಒಂದು ಗೆರೆಯಾಗಿ ಕಂಡವು. ಎರೆಹುಳುಗಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಹಿಕ್ಕೆ ಹಾಕುತ್ತಾ, ಹಾಕುತ್ತಾ, ಅಷ್ಟು ಮಣ್ಣನ್ನು ಅದರ ಮೇಲೆ ಹೊದಿಸಿದ್ದವು. ಇದೇ ಮಹಾನುಭಾವರು ಎರೆಹುಳುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಲು ಮನೆಯವರಿಂದ ಅವುಗಳೆದುರು ಪಿಯಾನೋ, ಬಸೂನ್, ಸೀಟಿ ಎಲ್ಲವನ್ನೂ ಬಾರಿಸಿ ಊದಿಸಿದ್ದರು. ಹುಳುಗಳು ಅಲುಗಾಡಲಿಲ್ಲ. ಕುಂಡವನ್ನು ಪಿಯಾನೋ ಮೇಲೆಯೇ ಇಟ್ಟು ನುಡಿಸಿದಾಗ ಮಾತ್ರ ಕಂಪನಕ್ಕೆ ಬೆದರಿ ಬಿಲ ಸೇರಿದವು. ಎರೆಹುಳುಗಳ ಕುರಿತ ಅವರ ಪುಸ್ತಕ ಬಂದದ್ದು 1881ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ.

ಡಾರ್ವಿನ್ ಅವರು ದೇವರ ವಿಷಯದಲ್ಲಿ ತಮ್ಮನ್ನು ಅಜ್ಞೇಯವಾದಿ, ಅಂದರೆ ಇದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು, ಎಂದು ಕರೆದುಕೊಂಡವರು. ಅದೇ ಕಾಲದಲ್ಲಿ, 1856ರಿಂದ 1863ರವರೆಗೆ, ಈಗಿನ ಚೆಕ್ ದೇಶದ ಬ್ರನೋ ನಗರದ ಮಠವೊಂದರ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ, ಕಾಳುಗಳ ಬಣ್ಣವನ್ನೂ ಸುಕ್ಕನ್ನೂ ಎಣಿಸುತ್ತಿದ್ದ ಗ್ರೆಗರ್ ಮೆಂಡಲ್ ದೀಕ್ಷೆ ಪಡೆದ ಸನ್ಯಾಸಿ. ಮೆಂಡಲ್ 1884ರಲ್ಲಿ ತೀರಿಕೊಂಡರು, ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಸಾಗುವ ನಿಯಮವನ್ನು ತೋರಿದ ಅವರ ಎಣಿಕೆಯ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ. ಒಬ್ಬರಿಗೆ ನಂಬಿಕೆಯಿತ್ತು, ಇನ್ನೊಬ್ಬರಿಗೆ ಇರಲಿಲ್ಲ. ಮಣ್ಣಿನ ಮೇಲೆ ಬಾಗಿದ ಈ ಇಬ್ಬರ ಬೆನ್ನುಗಳನ್ನು ಹಿಂದಿನಿಂದ ನೋಡಿದರೆ ಯಾರು ಯಾರೆಂದು ಹೇಳಲು ನನ್ನಿಂದ ಆಗುವುದಿಲ್ಲ. ತೋಟದಲ್ಲಿ ಸಿಗುವ ಶ್ರದ್ಧೆ ಯಾವುದಾದರೂ ಒಂದು ಮತದ ಸಾಕ್ಷಿಯಾಗಿ ನಿಲ್ಲುತ್ತದೆ ಎಂದು ನನಗೆ ಅನ್ನಿಸಿಲ್ಲ. ಆ ಕೆಲಸಕ್ಕೆ ಅದನ್ನು ಕರೆದೊಯ್ಯುವುದು ನನಗೆ ಇಷ್ಟವೂ ಇಲ್ಲ.

ಹಾಗೆಯೇ ನಿಸರ್ಗಮಾತೆ ಎಂಬ ಮಾತಿನ ಬಗ್ಗೆಯೂ ನನಗೆ ಅನುಮಾನವಿದೆ. ಒಂದು ವರ್ಷ ನೂರಕ್ಕೂ ಮೇಲ್ಪಟ್ಟು ಚೆಂಡುಹೂವಿನ ಸಸಿಗಳನ್ನು ಬೀಜದಿಂದ ಎಬ್ಬಿಸಿ, ನಾಲ್ಕೆಲೆ ಬಂದ ಮೇಲೆ ಪಾತಿಗೆ ನೆಟ್ಟು, ಸಂಜೆ ತೃಪ್ತಿಯಿಂದ ಕೈಕಾಲು ತೊಳೆದುಕೊಂಡಿದ್ದೆ. ಬೆಳಗಾಗುವುದರೊಳಗೆ ಅಲ್ಲಿ ದಂಟುಗಳಷ್ಟೇ ನಿಂತಿದ್ದವು, ನಡುವೆ ಬಸವನಹುಳುಗಳು ಹರಿದಾಡಿದ ಬೆಳ್ಳಿಯಂಥ ಜಾಡು. ಅವುಗಳ ನಾಲಿಗೆಯ ಮೇಲೆ ಅರದಂತೆ ಸಾವಿರಾರು ಸೂಕ್ಷ್ಮ ಹಲ್ಲುಗಳಿರುತ್ತವೆ, ಚೆಂಡುಹೂವಿನ ಎಳೆ ಎಲೆ ಅವುಗಳಿಗೆ ಬಲು ಪ್ರೀತಿ. ಬಿತ್ತಿದಂತೆ ಬೆಳೆ ಎಂಬ ಗಾದೆಯನ್ನು ಕಟ್ಟಿದವನು ಆ ಬೆಳಿಗ್ಗೆ ನನ್ನ ಕೈಗೆ ಸಿಕ್ಕಿದ್ದರೆ ಎರಡು ಮಾತು ಕೇಳುತ್ತಿದ್ದೆ. ನಿಸರ್ಗಕ್ಕೆ ನನ್ನ ಸಸಿಯ ಮೇಲೆ ಎಷ್ಟು ಮಮತೆಯೋ ಹುಳುವಿನ ಮೇಲೂ ಅಷ್ಟೇ. ಶ್ರದ್ಧೆ ಎಂದರೆ ಫಲ ಸಿಕ್ಕೇ ಸಿಗುತ್ತದೆಂಬ ಖಾತರಿ ಎಂದು ತಿಳಿದವರು ಒಂದು ಮಳೆಗಾಲದ ಮಟ್ಟಿಗೆ ತೋಟ ಮಾಡಿ ನೋಡಬೇಕು. ನಾನು ಮರುದಿನ ಮತ್ತೆ ಬೀಜ ಚೆಲ್ಲಿದೆ. ಈ ಸಲ ಪಾತಿಯ ಸುತ್ತ ರಾತ್ರಿ ಟಾರ್ಚು ಹಿಡಿದು ಕಾದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯೊಂದು ನಮ್ಮಲ್ಲಿದೆ. ಹತ್ತಿರದ್ದಕ್ಕೆ ಬೆಲೆಯಿಲ್ಲ ಎಂದು ಅದರ ಅರ್ಥ. ನಂಬಿಕೆಯ ಮಟ್ಟಿಗೂ ನಾವು ಹೀಗೆಯೇ ನಡೆದುಕೊಳ್ಳುತ್ತೇವೆ. ಬೆಟ್ಟದ ತುದಿ, ಸಮುದ್ರದ ಅಂಚು, ಮಹಾರಣ್ಯ, ಇಂಥ ಕಡೆಗಳಲ್ಲಿ ಮೈ ಜುಮ್ಮೆಂದರೆ ಅದನ್ನು ದಿವ್ಯ ಎನ್ನುತ್ತೇವೆ. ನನಗೆ ಹಾಗೆ ಮೈ ಜುಮ್ಮೆಂದ ಮೊದಲ ಸ್ಥಳ ಗೊಬ್ಬರದ ಗುಂಡಿ. ತರಗೆಲೆ, ಕಿತ್ತ ಕಳೆ, ಸಗಣಿ ಎಲ್ಲ ಕೂಡಿದ ಆ ರಾಶಿಯೊಳಗೆ ಅಜ್ಜಿ ಒಂದು ಚಳಿಯ ಬೆಳಿಗ್ಗೆ ನನ್ನ ಕೈ ಹಿಡಿದು ಮುಂಗೈವರೆಗೆ ತೂರಿಸಿದಳು. ಒಳಗೆ ಬಿಸಿ ಇತ್ತು. ಯಾರೂ ಬೆಂಕಿ ಹಾಕಿರಲಿಲ್ಲ. ಚೆನ್ನಾಗಿ ಒಟ್ಟಿದ ದೊಡ್ಡ ರಾಶಿಯ ನಡುಭಾಗ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೂ ಏರುತ್ತದೆ, ಕಣ್ಣಿಗೆ ಕಾಣದ ಜೀವಿಗಳು ತಿಂದು ಉಸಿರಾಡುವುದರಿಂದ ಆ ಶಾಖ ಹುಟ್ಟುತ್ತದೆ ಎಂದು ಈಗ ಬಲ್ಲೆ. ನಮ್ಮದು ಅಷ್ಟು ದೊಡ್ಡ ರಾಶಿಯಲ್ಲ, ಬಿಸಿಯೂ ಅಷ್ಟಿರಲಿಲ್ಲ. ಮಲಗಿದ ಹಸುವಿನ ಹೊಟ್ಟೆಯನ್ನು ಮುಟ್ಟಿದಂತೆ ಇತ್ತು. ಹೆದರಿ ಕೈ ಎಳೆದುಕೊಂಡೆ, ಆಮೇಲೆ ನಾನಾಗಿಯೇ ಮತ್ತೆ ಇಟ್ಟೆ.

ಆ ಬೆಳಿಗ್ಗೆ ಇಂದಿಗೂ ನನಗೆ ಮರಳುವುದು ವಾಸನೆಯ ಮೂಲಕ. ಮೊದಲ ಮಳೆಗೆ ಒಣನೆಲದಿಂದ ಏಳುವ ಪರಿಮಳಕ್ಕೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಪೆಟ್ರಿಕೋರ್ ಎಂದು ಹೆಸರಿಟ್ಟರು. ಅದರಲ್ಲಿನ ಮಣ್ಣುಮಣ್ಣಾದ ವಾಸನೆಗೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಮೊದಲಾದ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು. ಲಕ್ಷ ಕೋಟಿಯಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯರ ಮೂಗು ಅದನ್ನು ಹಿಡಿಯಬಲ್ಲದು. ನೋಟ, ಶಬ್ದಗಳಂತೆ ವಾಸನೆಯು ಮಿದುಳಿನಲ್ಲಿ ಥಲಾಮಸ್ ಎಂಬ ನಡುಮನೆಯನ್ನು ಹಾದುಬರಬೇಕಿಲ್ಲ. ಭಾವನೆ ಮತ್ತು ನೆನಪುಗಳ ಕೋಣೆಗಳಿಗೆ ಅದಕ್ಕೆ ನೇರ ದಾರಿಯಿದೆ. ಅದಕ್ಕೇ ಇರಬೇಕು, ಸಲಿಕೆ ಹಾಕಿ ಮಣ್ಣು ಮಗುಚಿದಾಗ ಮೊದಲು ಬರುವುದು ಅಜ್ಜಿಯ ಮುಖವಲ್ಲ, ಅವಳ ಮಾತೂ ಅಲ್ಲ. ಏನೆಂದು ಹೆಸರಿಡುವ ಮೊದಲೇ ಎದೆಯಲ್ಲಿ ಒಂದು ನೆಮ್ಮದಿ ಬಂದಿರುತ್ತದೆ, ಅದರ ಬೆನ್ನಿಗೆ ಮುಖ ಮತ್ತು ಮಾತು ಬರುತ್ತವೆ. ನಂಬಿಕೆ ಎಂದು ನಾನು ಕರೆಯುವುದು ಬಹುಶಃ ಮುಖ ಬರುವುದಕ್ಕೆ ಮುಂಚಿನ ಆ ಗಳಿಗೆಯನ್ನು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತರುಣಿ ಎದ್ದು ನಿಂತು, ಇದೆಲ್ಲ ಸರಿ ಮೇಡಂ, ಆದರೆ ಊರಿದ ಬೀಜ ಮೇಲೆ ಬರದಿದ್ದಾಗ ಎಷ್ಟು ದಿನ ಕಾಯಬೇಕು, ಅಗೆದು ನೋಡಲೇಬಾರದೇ ಎಂದು ಕೇಳಿದರು. ಸಭೆ ನಕ್ಕಿತು. ಆ ಸಂಜೆ ಕೇಳಿಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು ಎಂದು ನನಗನ್ನಿಸಿತು. ನಾನು ಕೊಟ್ಟ ಉತ್ತರ ಹೀಗಿತ್ತು: ಅವರೆಯಂಥ ಬೀಜವಾದರೆ ಬೆಚ್ಚಗಿನ ಕಾಲದಲ್ಲಿ ಹತ್ತು ಹನ್ನೆರಡು ದಿನ ಕಾಯಿರಿ. ಆಮೇಲೂ ಬಾರದಿದ್ದರೆ ಎಲ್ಲವನ್ನೂ ಅಲ್ಲ, ಸಾಲಿನ ತುದಿಯ ಒಂದನ್ನು ಮಾತ್ರ ನೋಡಿ. ಕೋಲಿನಿಂದ ಚುಚ್ಚಬೇಡಿ, ಬೆರಳಿನಿಂದ ಬದಿಯ ಮಣ್ಣನ್ನು ಸರಿಸಿ, ಬೀಜವನ್ನು ಎತ್ತದೆ ಇದ್ದಲ್ಲಿಯೇ ಮುಟ್ಟಿ. ಮೆತ್ತಗಾಗಿ ನಾರುತ್ತಿದ್ದರೆ ಕೊಳೆತಿದೆ ಎಂದರ್ಥ, ನೀರು ಹೆಚ್ಚಾಗಿತ್ತು; ಮಣ್ಣು ಆರಿದ ಮೇಲೆ ಬೇರೆ ಬೀಜ ಹಾಕಿ. ಇಟ್ಟ ದಿನದಷ್ಟೇ ಗಟ್ಟಿಯಾಗಿದ್ದರೆ ಸಿಪ್ಪೆ ಇನ್ನೂ ನೀರು ಕುಡಿದಿಲ್ಲ, ಕೆಲವು ಕಾಳುಗಳ ಜಾತಿಯೇ ಹಾಗೆ. ಅದರ ಮೇಲೆ ಮತ್ತೆ ಮಣ್ಣು ಮುಚ್ಚಿ, ತುಸು ನೀರು ಚಿಮುಕಿಸಿ, ಇನ್ನೊಂದು ವಾರ ಆ ಕಡೆ ಹೋಗಬೇಡಿ.